ಪುಟ್ಟಿಯ ಕಣ್ಣಿನ ಫೈಲು

ನಮ್ಮ ಮನೆಯಲ್ಲಿ ಅದನ್ನು ಮೊದಲು ಗಮನಿಸಿದ್ದು ಅಮ್ಮ. 2022ರ ಜೂನ್ ತಿಂಗಳು, ಹೊರಗೆ ಮಳೆ, ಎಂದಿನಂತೆ ಕರೆಂಟು ಇಲ್ಲ. ಎಮರ್ಜೆನ್ಸಿ ಲೈಟಿನ ಎದುರು ಕೂತು ತಂಗಿಯ ಮಗಳಿಗೆ ರಾಗಿ ಮಣ್ಣಿ ತಿನ್ನಿಸುತ್ತಿದ್ದವರು, "ಇದರ ಬಲಗಣ್ಣು ಬೆಕ್ಕಿನ ಕಣ್ಣಿನ ಹಾಗೆ ಮಿಂಚ್ತದಲ್ಲ ಮಾರಾಯಾ" ಅಂದರು. ನಾನು ಎದ್ದು ಹೋಗಿ ನೋಡುವಷ್ಟರಲ್ಲಿ ಮಗು ಕತ್ತು ತಿರುಗಿಸಿತ್ತು. ಏನೂ ಕಾಣಲಿಲ್ಲ. ನಿಮ್ಮ ಕಣ್ಣಿಗೇ ಪೊರೆ ಬಂದಿದೆ, ಮೊದಲು ಅದನ್ನು ತೋರಿಸಿ ಅಂತ ನಾನು ತಮಾಷೆ ಮಾಡಿದೆ.

ಪುಟ್ಟಿಗೆ ಆಗ ಒಂಬತ್ತು ತಿಂಗಳು. ಆ ಬಲಗಣ್ಣು ಸ್ವಲ್ಪ ಮೂಗಿನ ಕಡೆಗೆ ವಾಲುತ್ತಲೂ ಇತ್ತು. ಮೆಳ್ಳೆಗಣ್ಣು ಅದೃಷ್ಟ ಅಂತ ನೆರೆಕರೆಯವರು ಹೇಳಿದರು, ನಾವೂ ಹೌದು ಅಂದುಕೊಂಡೆವು. ಆದರೂ ಅಮ್ಮನ ಪಿರಿಪಿರಿ ತಡೆಯಲಾಗದೆ ತಂಗಿ ಒಬ್ಬರು ಡಾಕ್ಟರಿಗೆ ತೋರಿಸಿದಳು. ಅವರು ಟಾರ್ಚ್ ಬಿಟ್ಟು ನೋಡಿ, ಚಿಕ್ಕ ಮಕ್ಕಳಿಗೆ ಇದೆಲ್ಲ ಇರ್ತದೆ, ವರ್ಷ ತುಂಬಿದ ಮೇಲೆ ಕರ್ಕೊಂಡು ಬನ್ನಿ ಅಂದರು. ಈಗ ಯೋಚಿಸಿದರೆ ಅಲ್ಲೇ ತಪ್ಪಿತು. ಟಾರ್ಚ್ ಬಿಟ್ಟ ಕೂಡಲೇ ಕಣ್ಣಿನ ಪಾಪೆ ಕುಗ್ಗುತ್ತದೆ, ಒಳಗಿನದ್ದು ಕಾಣುವುದಿಲ್ಲ. ಹನಿ ಹಾಕಿ ಪಾಪೆ ಹಿಗ್ಗಿಸಿ ಕತ್ತಲೆ ಕೋಣೆಯಲ್ಲಿ ನೋಡಬೇಕು. ಅದು ಆಗ ನಮಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿರಬೇಕಿತ್ತು, ಅಲ್ವಾ?

ಎರಡು ತಿಂಗಳು ಹಾಗೇ ಹೋಯಿತು. ಆಗಸ್ಟಿನಲ್ಲಿ ಅಷ್ಟಮಿ ಬಂತು, ನಮ್ಮ ಕಡೆ ಮುದ್ದುಕೃಷ್ಣ ವೇಷ ಹಾಕದ ಮಗು ಉಂಟಾ? ತಂಗಿ ಪುಟ್ಟಿಗೆ ನವಿಲುಗರಿ ಕಟ್ಟಿ, ಕೈಯಲ್ಲಿ ಕೊಳಲು ಕೊಟ್ಟು ಸಂಜೆ ಚಾವಡಿಯಲ್ಲಿ ಫ್ಲ್ಯಾಶ್ ಹಾಕಿ ಇಪ್ಪತ್ತು ಫೋಟೋ ತೆಗೆದಳು. ಅದರಲ್ಲಿ ಮೂರು ಫೋಟೋಗಳಲ್ಲಿ ಎಡಗಣ್ಣು ಫ್ಲ್ಯಾಶಿಗೆ ಬರುವ ಹಾಗೆ ಕೆಂಪು, ಬಲಗಣ್ಣು ಬಿಳಿ. ಅಚ್ಚ ಬಿಳಿ, ತೆಂಗಿನಕಾಯಿ ಹೋಳಿನ ಹಾಗೆ. ವಾಟ್ಸಾಪಿನಲ್ಲಿ ಎಲ್ಲರೂ ಚಂದ ಅಂತ ಹೃದಯ ಹಾಕಿದರು. ನಾನು ಮಾತ್ರ ಆ ಫೋಟೋ ದೊಡ್ಡದು ಮಾಡಿ ಮಾಡಿ ನೋಡುತ್ತಾ ಕೂತೆ.

ನಾನು ಕಾಸರಗೋಡು ಜಿಲ್ಲೆಯ ಪೆರ್ಲ ಬದಿಯ ಒಂದು ಅಕ್ಷಯ ಕೇಂದ್ರದಲ್ಲಿ ಕೆಲಸ ಮಾಡುವವನು. ಊರವರ ಆಧಾರ್, ರೇಷನ್ ಕಾರ್ಡ್, ಆದಾಯ ಸರ್ಟಿಫಿಕೇಟ್ ಅಂತ ದಿನವಿಡೀ ಕಾಗದದ ಕೆಲಸ. ಮರುದಿನ ಬಾಗಿಲು ತೆಗೆದವನೇ ಮೊದಲು ಹುಡುಕಿದ್ದು ಅದನ್ನೇ. ಫೋಟೋದಲ್ಲಿ ಮಗುವಿನ ಒಂದು ಕಣ್ಣು ಬಿಳಿ. ಬಂದ ಹೆಸರು ರೆಟಿನೋಬ್ಲಾಸ್ಟೋಮಾ. ಕಣ್ಣಿನ ಹಿಂದಿನ ಪರದೆಯಲ್ಲಿ, ಅಂದರೆ ರೆಟಿನಾದಲ್ಲಿ ಬರುವ ಕ್ಯಾನ್ಸರು. 15ರಿಂದ 20 ಸಾವಿರ ಮಕ್ಕಳಲ್ಲಿ ಒಬ್ಬರಿಗೆ. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 1500 ಮಕ್ಕಳಿಗೆ ಬರುತ್ತದಂತೆ. ಓದುತ್ತಾ ಇದ್ದಾಗ ಒಬ್ಬರು ಅಜ್ಜ ಪೆನ್ಶನ್ ಮಸ್ಟರಿಂಗಿಗೆ, ಅಂದರೆ ಬದುಕಿದ್ದೇನೆ ಅಂತ ತೋರಿಸಲು, ಬಂದು ಹೆಬ್ಬೆಟ್ಟು ಒತ್ತಲು ಕೈ ಚಾಚಿ ನಿಂತಿದ್ದರು, ನಾನು ನೋಡಲೇ ಇಲ್ಲ.

ಮಂಗಳೂರಿನ ಕಣ್ಣಿನ ಡಾಕ್ಟರಮ್ಮ ಹತ್ತು ಹತ್ತು ನಿಮಿಷಕ್ಕೊಮ್ಮೆ ಮೂರು ಸಲ ಹನಿ ಹಾಕಿಸಿದರು. ಮಗುವನ್ನು ಬೆಡ್‌ಶೀಟಿನಲ್ಲಿ ಪತ್ರೊಡೆ ಸುತ್ತಿದ ಹಾಗೆ ಸುತ್ತಿ ಹಿಡಿದುಕೊಂಡೆವು. ಅವರು ನೋಡಿದ್ದು ಐದು ನಿಮಿಷ ಇರಬಹುದು. ಆಮೇಲೆ ಕಣ್ಣಿನ ಮೇಲೆ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದರು, ಗಡ್ಡೆಯೊಳಗೆ ಸುಣ್ಣದ ಚುಕ್ಕಿಗಳು ಹೊಳೆಯುವುದನ್ನು ನಮಗೂ ತೋರಿಸಿದರು. ಮಗುವನ್ನು ತಂಗಿಯ ಕೈಗೆ ಕೊಟ್ಟು, ನನ್ನನ್ನೂ ಭಾವನನ್ನೂ ಕೂರಿಸಿಕೊಂಡು ಎರಡು ವಿಷಯ ಹೇಳಿದರು. ಒಂದು, ಇದು ಇಲ್ಲಿ ಮಾಡುವ ಕೆಲಸ ಅಲ್ಲ, ಇದನ್ನೇ ನೋಡುವವರ ಹತ್ತಿರ ಈ ವಾರದೊಳಗೆ ಹೋಗಬೇಕು. ಎರಡು, ಯಾರು ಹೇಳಿದರೂ ಆ ಕಣ್ಣಿಗೆ ಸೂಜಿ ಚುಚ್ಚಲು ಬಿಡಬೇಡಿ. ಬೇರೆ ಕ್ಯಾನ್ಸರಿಗೆಲ್ಲ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಇದರಲ್ಲಿ ಹಾಗೆ ಚುಚ್ಚಿದರೆ ಕಣ್ಣಿನೊಳಗೆ ಇದ್ದದ್ದು ಹೊರಗೆ ದಾರಿ ಮಾಡಿಕೊಳ್ಳುತ್ತದೆ.

ಇಷ್ಟು ಹೇಳಿ ಅವರು ತಮ್ಮ ಮೊಬೈಲಿನಿಂದಲೇ ಹೈದರಾಬಾದಿಗೆ ಫೋನ್ ಮಾಡಿದರು. ಆ ಒಂದು ಫೋನಿಗೆ ನಾನು ಎಷ್ಟು ಋಣಿ ಅಂತ ಹೇಳಲು ಬರುವುದಿಲ್ಲ. ಚೆನ್ನೈಯ ಶಂಕರ ನೇತ್ರಾಲಯ, ಮಧುರೆಯ ಅರವಿಂದ, ಬೆಂಗಳೂರಿನ ನಾರಾಯಣ ನೇತ್ರಾಲಯ, ಹೈದರಾಬಾದಿನ ಎಲ್ ವಿ ಪ್ರಸಾದ್ ಅಂತ ನಾನು ಹೆಸರುಗಳನ್ನೆಲ್ಲ ಬರೆದಿಟ್ಟುಕೊಂಡಿದ್ದೆ. ಆದರೆ ಹೆಸರು ಗೊತ್ತಿರುವುದು ಬೇರೆ, ಅಲ್ಲಿ ನಮ್ಮನ್ನು ಒಬ್ಬರು ಕಾಯುತ್ತಿದ್ದಾರೆ ಎನ್ನುವುದು ಬೇರೆ. ಅವರಿಗೆ ಹೈದರಾಬಾದಿನಲ್ಲಿ ಪರಿಚಯ ಇತ್ತು, ನಾವು ಅಲ್ಲಿಗೆ ಹೊರಟೆವು. ಅಷ್ಟೇ ಕಾರಣ.

ಮಂಗಳೂರಿನ ಹಂಪನಕಟ್ಟೆಯಲ್ಲಿ ಒಂದು ನೀಲಿ ಫೈಲು ಕೊಂಡುಕೊಂಡೆ. ಆ ಫೈಲು ಆಮೇಲೆ ನನ್ನ ಕಂಕುಳಿನಿಂದ ಇಳಿಯಲಿಲ್ಲ.

ಹೊರಡುವ ಮೊದಲು ಒಂದು ಎಂಆರ್‌ಐ ಮಾಡಿಸಿ ತನ್ನಿ ಅಂದಿದ್ದರು. ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಮಗುವಿಗೆ ಅನಸ್ತೇಶಿಯಾ ಕೊಟ್ಟು ಎಂಆರ್‌ಐ ಮಾಡಲು ಹನ್ನೆರಡು ದಿನ ಆಗುತ್ತದೆ, ಸಿಟಿ ಸ್ಕ್ಯಾನ್ ಆದರೆ ಇವತ್ತೇ ಮಾಡಿಕೊಡ್ತೇವೆ ಅಂದರು. ಎರಡೂ ಸ್ಕ್ಯಾನೇ ತಾನೇ ಅಂತ ಭಾವ ದುಡ್ಡು ಎಣಿಸಲು ಶುರು ಮಾಡಿದ. ನನಗೆ ಏನೋ ಅನಿಸಿ ಡಾಕ್ಟರಮ್ಮನಿಗೆ ಮೆಸೇಜ್ ಹಾಕಿದೆ. ತಕ್ಷಣ ಫೋನ್ ಬಂತು, ಸಿಟಿ ಬೇಡವೇ ಬೇಡ. ಈ ಕಾಯಿಲೆಯ ದೋಷ ಹುಟ್ಟಿನಿಂದಲೇ ಮೈಯಲ್ಲಿ ಇರುವ ಮಕ್ಕಳಿಗೆ ಮುಂದೆ ಬೇರೆ ಕ್ಯಾನ್ಸರ್ ಬರುವ ಸಾಧ್ಯತೆ ಜಾಸ್ತಿ, ಸಿಟಿಯ ರೇಡಿಯೇಶನ್ ಸುಮ್ನೆ ಯಾಕೆ ಕೊಡಬೇಕು ಅಂತ. ಎಂಆರ್‌ಐಯನ್ನು ಕೊನೆಗೆ ಹೈದರಾಬಾದಿನಲ್ಲೇ ಮಾಡಿಸಿದೆವು.

ನಮ್ಮ ಕಾಸರಗೋಡಿನಿಂದ ಹೈದರಾಬಾದಿಗೆ ನೇರ ರೈಲು ಆಗ ವಾರಕ್ಕೆ ಎರಡೇ ದಿನ, ಮಂಗಳೂರಿನಿಂದ ಹೊರಡುವ ಕಾಚಿಗುಡ ಎಕ್ಸ್‌ಪ್ರೆಸ್. ಹೆಚ್ಚುಕಮ್ಮಿ ಒಂದು ರಾತ್ರಿ ಒಂದು ಹಗಲು. ಕೇರಳ, ತಮಿಳುನಾಡು, ಆಂಧ್ರ ಎಲ್ಲ ಸುತ್ತಿ ಹೋಗುತ್ತದೆ. ಮುಂದಿನ ಎರಡು ವರ್ಷ ಡಾಕ್ಟರ ಡೇಟು ಯಾವುದೇ ಇರಲಿ, ನಮ್ಮ ಡೇಟು ಮಾತ್ರ ಆ ರೈಲಿನ ಎರಡು ದಿನದಲ್ಲೇ ಕೂರಬೇಕಿತ್ತು.

ಹೈದರಾಬಾದಿನಲ್ಲಿ ಚಿಕ್ಕ ಮಕ್ಕಳ ಕಣ್ಣನ್ನು ಅನಸ್ತೇಶಿಯಾ ಕೊಟ್ಟೇ ನೋಡುತ್ತಾರೆ. ಅದಕ್ಕೆ ಮೊದಲು ಆರು ಗಂಟೆ ಊಟ ಇಲ್ಲ, ನಾಲ್ಕು ಗಂಟೆ ಎದೆಹಾಲು ಇಲ್ಲ. ಬೆಳಿಗ್ಗೆ ಎಂಟಕ್ಕೆ ಆ ಕಾರಿಡಾರಿಗೆ ಹೋದರೆ ಹಸಿದ ಮಕ್ಕಳದ್ದೇ ಕೂಗು, ಹತ್ತು ಭಾಷೆಗಳಲ್ಲಿ ಸಮಾಧಾನ. ನಮ್ಮ ತಂಗಿ ತುಳುವಿನಲ್ಲಿ ಜೋಗುಳ ಹೇಳುತ್ತಿದ್ದಳು.

ಒಳಗಿಂದ ಬಂದ ಸುದ್ದಿ ನಾವು ಹೆದರಿದ್ದಕ್ಕಿಂತ ಒಂದು ಪಾಲು ಜಾಸ್ತಿ. ಬಲಗಣ್ಣು ಗ್ರೂಪ್ ಇ. ಅದು ನಿರೀಕ್ಷೆ ಮಾಡಿದ್ದೇ, ಎ ಇಂದ ಇ ತನಕ ಗ್ರೂಪುಗಳು, ಇ ಅಂದರೆ ಕೊನೆಯದ್ದು. ಆದರೆ ಎಡಗಣ್ಣಿನಲ್ಲೂ ಎರಡು ಚಿಕ್ಕ ಗಡ್ಡೆ, ಗ್ರೂಪ್ ಬಿ. ಆ ಎಡಗಣ್ಣನ್ನು ನಾವು ಒಳ್ಳೆಯ ಕಣ್ಣು ಅಂತಲೇ ಕರೆಯುತ್ತಿದ್ದೆವು.

ಇಲ್ಲಿ ನಾನು ಮಾಡಿದ ಒಂದು ತಪ್ಪು ಹೇಳಲೇಬೇಕು. ಡಾಕ್ಟರು ಮಾತಾಡಿದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ತಂಗಿಗೂ ಭಾವನಿಗೂ ಕನ್ನಡ, ತುಳು, ಮಲಯಾಳ ಬರುತ್ತದೆ, ಹಿಂದಿ ಅಷ್ಟಕ್ಕಷ್ಟೇ. ಹಾಗಾಗಿ ನಡುವೆ ನಾನು. ಬಲಗಣ್ಣು ತೆಗೆಯಬೇಕು, ನಾಳಿದ್ದೇ, ಅಂದರು ಡಾಕ್ಟರು. ತಂಗಿಯ ಮುಖ ನೋಡಿ ನನ್ನ ಬಾಯಲ್ಲಿ ಬಂದದ್ದು "ಬಲಗಣ್ಣಿಗೆ ಒಂದು ಆಪರೇಷನ್ ಮಾಡಬೇಕಂತೆ". ಅವಳು ತಲೆ ಆಡಿಸಿದಳು. ಎದುರು ಕೂತಿದ್ದ ಕೌನ್ಸೆಲರ್ ಹೆಂಗಸಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಇಷ್ಟು ದೊಡ್ಡ ಮಾತಿಗೆ ಇಷ್ಟು ಸಣ್ಣ ತಲೆಯಾಟ ಬರುವುದಿಲ್ಲ ಅಂತ ಅವರಿಗೆ ಗೊತ್ತಾಯಿತು. ಎದ್ದು ಹೋಗಿ ರಾಯಚೂರು ಕಡೆಯ ಒಬ್ಬ ನರ್ಸನ್ನು ಕರೆದುಕೊಂಡು ಬಂದರು. ಆ ಹುಡುಗಿ ತಂಗಿಯ ಪಕ್ಕ ಕೂತು, "ಅಕ್ಕಾ, ಕಣ್ಣು ತಗೀತಾರ್ರೀ. ಪೂರ್ತಿ ತಗೀತಾರ. ನಿಮ್ಮಣ್ಣಾರು ಹೇಳ್ಲಿಲ್ಲೇನು?" ಅಂದಳು.

ತಂಗಿ ನನ್ನನ್ನು ನೋಡಿದ ಆ ನೋಟ. ಬೇಡ, ಅದನ್ನು ಬರೆಯುವುದಿಲ್ಲ.

ಆಮೇಲೆ ನನಗೆ ತಿಳಿದದ್ದು, ಕಣ್ಣು ತೆಗೆಯುತ್ತಾರೆ ಅಂದ ಕೂಡಲೇ ಎದ್ದು ಊರಿಗೆ ಹೋಗಿಬಿಡುವ ಕುಟುಂಬಗಳು ಬಹಳ ಇವೆ. ನಾಟಿ ಮದ್ದು, ಹರಕೆ ಅಂತ ಆರು ತಿಂಗಳು ಕಳೆದು ಮತ್ತೆ ಬರುತ್ತಾರೆ, ಅಷ್ಟರಲ್ಲಿ ಕಾಯಿಲೆ ಕಣ್ಣಿನ ನರ ಹಿಡಿದು ಮೆದುಳಿನ ಕಡೆ ಹೊರಟಿರುತ್ತದೆ. ಅದಕ್ಕೇ ಆ ಕೌನ್ಸೆಲರ್ ಅಷ್ಟು ಎಚ್ಚರ ಇದ್ದದ್ದು. ಊರಿಂದ ಭಾವನ ಅಪ್ಪ ಫೋನಿನಲ್ಲಿ, ಹೆಣ್ಣು ಮಗು, ಮುಂದೆ ಹೇಗೆ, ಇನ್ನೊಬ್ಬರ ಹತ್ತಿರ ಕೇಳಿ ಅಂತ ಎರಡು ಗಂಟೆ ಮಾತಾಡಿದರು. ಭಾವ ಏನೂ ಹೇಳಲಿಲ್ಲ. ಫೋನ್ ಇಟ್ಟು ಡಾಕ್ಟರ ಹತ್ತಿರ ಒಂದೇ ಪ್ರಶ್ನೆ ಕೇಳಿಸಿದ, ಈ ಸಲ ನರ್ಸ್ ಹತ್ತಿರವೇ, ನನ್ನ ಹತ್ತಿರ ಅಲ್ಲ. ಬಲಗಣ್ಣು ಉಳಿಸಿದರೆ ಅದರಲ್ಲಿ ಕಾಣುತ್ತದಾ? ಇಲ್ಲ, ಅದರಲ್ಲಿ ಈಗಾಗಲೇ ನೋಟ ಇಲ್ಲ. ಹಾಗಾದರೆ ಅದಕ್ಕೋಸ್ಕರ ಮಗುವನ್ನು ಕಳಕೊಳ್ಳುವುದು ಬೇಡ ಅಂತ ಸಹಿ ಹಾಕಿದ.

ಆಪರೇಷನ್ ಬಗ್ಗೆ ಹೇಳಲು ಹೆಚ್ಚಿಲ್ಲ. ಒಳಗೆ ಒಂದು ಗುಂಡಗಿನ ಇಂಪ್ಲಾಂಟ್ ಇಡುತ್ತಾರೆ, ಮರುದಿನ ಪುಟ್ಟಿ ಬ್ಯಾಂಡೇಜಿನಲ್ಲೇ ಬಿಸ್ಕೆಟ್ ತಿನ್ನುತ್ತಿದ್ದಳು. ಕಾಯುವುದು ಕಷ್ಟ ಆದದ್ದು ಲ್ಯಾಬ್ ರಿಪೋರ್ಟಿಗೆ. ತೆಗೆದ ಕಣ್ಣಿನ ನರದ ತುದಿಯಲ್ಲಿ ಕಾಯಿಲೆ ಇದೆಯೋ ಇಲ್ಲವೋ ಎಂಬುದರ ಮೇಲೆ ಮುಂದಿನದ್ದು ನಿಂತಿತ್ತು. ಇರಲಿಲ್ಲ.

ಆದರೆ ಎಡಗಣ್ಣಿಗೆ ಕೀಮೋ ಬೇಕು. ಆರು ಸಲ, ನಾಲ್ಕು ವಾರಕ್ಕೊಮ್ಮೆ. ವಿಂಕ್ರಿಸ್ಟಿನ್, ಎಟೊಪೊಸೈಡ್, ಕಾರ್ಬೊಪ್ಲಾಟಿನ್ ಅಂತ ಮೂರು ಮದ್ದು, ಎರಡು ದಿನ. ಪ್ರತಿ ಸಲ ಕೀಮೋಗೆ ಮೊದಲು ಕಣ್ಣು ನೋಡಿ, ಬೇಕಿದ್ದರೆ ಲೇಸರ್ ಕೊಡಬೇಕು. ಲೇಸರ್ ಹೈದರಾಬಾದಿನಲ್ಲೇ ಆಗಬೇಕು, ಕೀಮೋ ಮಾತ್ರ ಊರಿನ ಹತ್ತಿರ ಮಾಡಿಸಬಹುದು. ಯಾಕೆ ಹತ್ತಿರ ಅಂದರೆ, ಕೀಮೋ ಆಗಿ ಒಂದು ವಾರ ಹತ್ತು ದಿನಕ್ಕೆ ಬಿಳಿ ರಕ್ತಕಣ ಇಳಿಯುತ್ತದೆ, ಆಗ ಜ್ವರ ಬಂದರೆ ಅದು ಸಾಮಾನ್ಯ ಜ್ವರ ಅಲ್ಲ. 100.4 ಡಿಗ್ರಿ ದಾಟಿದರೆ ರಾತ್ರಿಯೋ ಹಗಲೋ ನೋಡದೆ ಆಸ್ಪತ್ರೆಗೆ ಓಡಬೇಕು.

ಹೀಗೆ ಒಂದು ಮಗುವಿಗೆ ಮೂರು ರಾಜ್ಯ ಆಯಿತು. ರೇಷನ್ ಕಾರ್ಡ್ ಕೇರಳದ್ದು, ಕೀಮೋ ಕರ್ನಾಟಕದಲ್ಲಿ, ಕಣ್ಣಿನ ಡಾಕ್ಟರು ತೆಲಂಗಾಣದಲ್ಲಿ. ಮೂರು ಕಡೆಯವರೂ ಒಳ್ಳೆಯವರೇ, ಅವರವರ ಕೆಲಸದಲ್ಲಿ ಜಾಣರೇ. ಆದರೆ ಒಬ್ಬರಿಗೊಬ್ಬರು ಮಾತಾಡಿಸುವ ಏರ್ಪಾಡು ಎಲ್ಲೂ ಇಲ್ಲ. ಆ ಏರ್ಪಾಡು ಅಂದರೆ ನಾನು, ನನ್ನ ನೀಲಿ ಫೈಲು ಮತ್ತು ಒಂದು ವಾಟ್ಸಾಪ್ ಗ್ರೂಪ್. ಗ್ರೂಪಿನಲ್ಲಿ ಹೈದರಾಬಾದಿನ ಆ ಕೌನ್ಸೆಲರ್, ಮಂಗಳೂರಿನ ಮಕ್ಕಳ ಕ್ಯಾನ್ಸರ್ ಡಾಕ್ಟರ ಅಸಿಸ್ಟೆಂಟ್ ಮತ್ತು ನಾನು. ಹೆಸರು "ಪುಟ್ಟಿ ಎಡಗಣ್ಣು". ಮಂಗಳೂರಿನ ರಕ್ತ ಪರೀಕ್ಷೆ ಅಲ್ಲಿಗೆ, ಅಲ್ಲಿಯ ರೆಟಿನಾ ಫೋಟೋ ಇಲ್ಲಿಗೆ. ರಕ್ತಕಣ ಏರದಿದ್ದರೆ ಕೀಮೋ ಒಂದು ವಾರ ಮುಂದೆ, ಕೀಮೋ ಮುಂದೆ ಹೋದರೆ ಲೇಸರ್ ಮುಂದೆ, ಲೇಸರ್ ಮುಂದೆ ಹೋದರೆ ರೈಲು ಟಿಕೆಟ್ ಕ್ಯಾನ್ಸಲ್.

ಮೊದಲ ಸಲ ನಾನು ಬುದ್ಧಿವಂತಿಕೆ ತೋರಿಸಲು ಹೋದೆ. ಹೈದರಾಬಾದಿನ ಡಿಸ್ಚಾರ್ಜ್ ಸಮ್ಮರಿ ನಾಲ್ಕು ಪುಟ ಇತ್ತು, ಮಂಗಳೂರಿನವರಿಗೆ ಓದಲು ಸುಲಭ ಆಗಲಿ ಅಂತ ಮುಖ್ಯ ವಿಷಯವನ್ನೆಲ್ಲ ಒಂದು ಪುಟದಲ್ಲಿ ಚಂದಕ್ಕೆ ಟೈಪ್ ಮಾಡಿದೆ. ದಿನವಿಡೀ ಅದೇ ಕೆಲಸ ಮಾಡುವವನಲ್ಲವಾ. ಪುಟ್ಟಿಯ ತೂಕ 8.4 ಕಿಲೋ, ನಾನು ಒತ್ತಿದ್ದು 9.4. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಈ ಮದ್ದನ್ನು ಕಿಲೋ ಲೆಕ್ಕದಲ್ಲಿ ಕೊಡುತ್ತಾರೆ. ಕೀಮೋ ವಾರ್ಡಿನ ಸಿಸ್ಟರ್ ಮಗುವಿನ ಅಂಗಿ ಬಿಚ್ಚಿಸಿ ತಾವೇ ತೂಗಿದರು, ಕಾಗದ ನೋಡಿದರು, ಮತ್ತೊಮ್ಮೆ ತೂಗಿದರು. "ಇದನ್ನು ಬರೆದದ್ದು ಯಾರು?" ನನಗೆ ನೆಲ ಬಾಯಿ ಬಿಟ್ಟರೆ ಸಾಕು ಅನಿಸಿತು. ಆಮೇಲೆ ಒಂದೇ ಒಂದು ಅಕ್ಷರ ನಾನು ಟೈಪ್ ಮಾಡಲಿಲ್ಲ. ಮೂಲ ಕಾಗದದ ಫೋಟೋ, ಪ್ರತಿ ಪುಟ, ಮೂಲೆ ಕಾಣುವ ಹಾಗೆ. ಬೇರೆಯವರಿಗೂ ನಾನು ಹೇಳುವುದು ಇದನ್ನೇ.

ದುಡ್ಡಿನ ವಿಷಯ. ನಮ್ಮ ಕೇರಳದ ಕಾರ್ಡಿನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ಆರೋಗ್ಯ ವಿಮೆ ಇದೆ, ಕಾರುಣ್ಯ ಎಂಬ ಯೋಜನೆಯದ್ದು, ಕೇಂದ್ರದ ಆಯುಷ್ಮಾನ್ ಜೊತೆ ಸೇರಿದ್ದು. ಆ ಕಾರ್ಡನ್ನು ಊರಿನ ಎಷ್ಟೋ ಜನಕ್ಕೆ ಮಾಡಿಸಿಕೊಟ್ಟವನು ನಾನೇ. ಗಡಿ ದಾಟಿ ಒಂದು ಆಸ್ಪತ್ರೆಯ ಕೌಂಟರಿನಲ್ಲಿ ಇಟ್ಟರೆ, ಇದು ಬೇರೆ ರಾಜ್ಯದ್ದು, ಕರ್ನಾಟಕದ ರೇಷನ್ ಕಾರ್ಡ್ ತನ್ನಿ ಅಂದರು. ನಾವು ಮನೆಯಲ್ಲಿ ಕನ್ನಡ ಮಾತಾಡುವವರು, ಕನ್ನಡ ಶಾಲೆಯಲ್ಲಿ ಓದಿದವರು, ಆ ಕೌಂಟರಿನಲ್ಲಿ ಕನ್ನಡದಲ್ಲೇ ಜಗಳ ಆಡಿದೆವು, ಆದರೂ ಕಾರ್ಡು ಕೇರಳದ್ದು. ಇತ್ತ ನಮ್ಮ ವಿಲೇಜ್ ಆಫೀಸಿನಿಂದ ಬಂದ ಆದಾಯ ಸರ್ಟಿಫಿಕೇಟ್ ಮಲಯಾಳದಲ್ಲಿ, ಅದನ್ನು ಹೈದರಾಬಾದಿನಲ್ಲಿ ಯಾರು ಓದುತ್ತಾರೆ? ಇಂಗ್ಲಿಷಿಗೆ ಮಾಡಿಸಿ ನೋಟರಿ ಹಾಕಿಸಿ ಕೊಟ್ಟ ಮೇಲೆ ಅಲ್ಲಿಯವರು ರಿಯಾಯಿತಿ ಕೊಟ್ಟರು. ಉಳಿದದ್ದು ಸಹಕಾರಿ ಬ್ಯಾಂಕಿನ ಸಾಲ, ಊರಿನ ಯುವಕ ಮಂಡಲದವರು ಮನೆ ಮನೆಗೆ ಹೋಗಿ ಎತ್ತಿದ ಹಣ, ಭಾವನ ಒಂದು ವರ್ಷದ ಅಡಿಕೆ.

ರೈಲಿನ ರಿಯಾಯಿತಿ ಮಾತ್ರ ನಿಜವಾಗಿ ಸಿಕ್ಕಿದ ಸೌಲಭ್ಯ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರಿನಲ್ಲಿ ಮತ್ತು ತ್ರೀ ಟಯರ್ ಎಸಿಯಲ್ಲಿ ಪೂರ್ತಿ ಉಚಿತ, ಜೊತೆಗೆ ಹೋಗುವ ಒಬ್ಬರಿಗೆ 75 ಶೇಕಡಾ ಕಡಿತ. ಆಸ್ಪತ್ರೆಯವರು ರೈಲ್ವೆಯ ಫಾರ್ಮಿನಲ್ಲಿ ಸಹಿ ಸೀಲು ಹಾಕಿ ಕೊಡಬೇಕು, ಟಿಕೆಟನ್ನು ಸ್ಟೇಷನ್ ಕೌಂಟರಿನಲ್ಲೇ ತೆಗೆಯಬೇಕು. ಮೊದಲ ಪ್ರಯಾಣಕ್ಕೆ ಇದು ಸಿಗುವುದಿಲ್ಲ, ಕಾಯಿಲೆ ಇದೆ ಅಂತ ಬರೆದುಕೊಡುವವರೇ ಆಗ ಇರುವುದಿಲ್ಲವಲ್ಲ. ಹಾಗಾಗಿ ಮೊದಲ ಸಲ ಬಂದಾಗಲೇ ಫಾರ್ಮ್ ಕೇಳಿ ತೆಗೆದುಕೊಳ್ಳಿ, ಎರಡನೇ ಸಲಕ್ಕೆ ನೆನಪು ಮಾಡುವವರು ಯಾರೂ ಇಲ್ಲ.

ಇನ್ನೊಂದು ವಿಷಯ, ನಾನು ಗಡಿ ದಾಟದೆ ಹೋಗಬಹುದಾದ, ಕೇರಳದ್ದೇ ಆದ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿನಲ್ಲೂ ಒಂದು ಓಪಿ ಚೀಟಿ ಮಾಡಿಸಿ ಇಟ್ಟಿದ್ದೆ. ತಂಗಿ ಕೇಳಿದಳು, ಮಂಗಳೂರು ಇದೆಯಲ್ಲ, ಅದು ಯಾಕೆ ಅಂತ. ಯಾಕೆ ಅಂದರೆ 2020ರ ಮಾರ್ಚ್. ಲಾಕ್‌ಡೌನಿನಲ್ಲಿ ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ಗೇಟು ಹಾಕಿ, ಒಳದಾರಿಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಆಂಬುಲೆನ್ಸಿನಲ್ಲಿ ಇದ್ದವರನ್ನೂ ಬಿಡಲಿಲ್ಲ. ಮಂಗಳೂರಿಗೆ ತಲುಪಲಾಗದೆ ನಮ್ಮ ಜಿಲ್ಲೆಯ ಜನ ಸತ್ತರು, ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್ ತನಕ ಹೋಯಿತು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದ್ದಾರೆ, ನಮ್ಮ ಮನೆಗೆ ಅದು ಮೂಗಿನ ತುದಿಯಷ್ಟು ಹತ್ತಿರ, ಆದರೆ ಮಗುವಿಗೆ ಕೀಮೋ ಬೇಕಾದಾಗ ಆ ಕಟ್ಟಡ ನೋಡಿಕೊಂಡು ಮುಂದೆ ಹೋಗುವುದಷ್ಟೇ ನಮಗೆ ಉಳಿದದ್ದು.

ಜ್ವರದ ರಾತ್ರಿ ಬಂದದ್ದು ಮೂರನೇ ಕೀಮೋ ಆದ ಒಂಬತ್ತನೇ ದಿನ. ರಾತ್ರಿ ಒಂದು ಗಂಟೆ, ಥರ್ಮಾಮೀಟರಿನಲ್ಲಿ 101. ನೆರೆಮನೆಯ ಜೀಪು, ಅಡ್ಕಸ್ಥಳ ದಾಟಿ ವಿಟ್ಲ, ಕಲ್ಲಡ್ಕ, ಬಿಸಿ ರೋಡ್. ತಂಗಿಯ ಮಡಿಲಲ್ಲಿ ಮಗು ಕಾದ ಕಾವಲಿಯ ಹಾಗೆ. ಕ್ಯಾಶುವಾಲ್ಟಿಯಲ್ಲಿದ್ದ ಡ್ಯೂಟಿ ಡಾಕ್ಟರು ಚಿಕ್ಕ ಹುಡುಗ, ಪ್ಯಾರಾಸಿಟಮಾಲ್ ಕೊಟ್ಟು ಬೆಳಿಗ್ಗೆ ನೋಡುವ ಅನ್ನುವ ಲೆಕ್ಕದಲ್ಲಿದ್ದ. ನಾನು ಫೈಲು ತೆರೆದೆ. ಮೊದಲ ಪುಟದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಕ್ಯಾನ್ಸರ್ ಡಾಕ್ಟರು ಕೊಟ್ಟ ಒಂದು ಚೀಟಿ ಇತ್ತು. ಈ ಮಗು ಕೀಮೋದಲ್ಲಿದೆ, ಜ್ವರ ಇದ್ದರೆ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ರಕ್ತನಾಳಕ್ಕೆ ಕೊಡಬೇಕು ಅಂತ, ಯಾವುದು ಎಷ್ಟು ಎಂಬುದು ಸಮೇತ. ಹುಡುಗ ಓದಿದ, ಮುಖ ಬದಲಾಯಿತು, ಓಡಿದ. ಐದು ದಿನ ಅಲ್ಲೇ ಇದ್ದೆವು.

ಸಣ್ಣ ಸಣ್ಣ ವಿಷಯಗಳೂ ಇದ್ದವು, ಯಾರೂ ಮೊದಲೇ ಹೇಳದವು. ಪೋಲಿಯೋ ಭಾನುವಾರ ಬಂತು. ಜೀವಂತ ವೈರಸ್ಸಿನ ಲಸಿಕೆ ಕೀಮೋ ಮಗುವಿಗೆ ಆಗದು, ಒಟ್ಟಿಗೆ ಇರುವ ಅಣ್ಣನಿಗೂ ಹನಿ ಬೇಡ ಅಂದಿದ್ದರು ಡಾಕ್ಟರು. ಆಶಾ ಕಾರ್ಯಕರ್ತೆ ಬಾಟಲಿ ಹಿಡಿದು ಅಂಗಳಕ್ಕೆ ಬಂದಾಗ ಅವರಿಗೆ ಅದನ್ನು ಮಲಯಾಳದಲ್ಲಿ ಅರ್ಥ ಮಾಡಿಸಿ, ರಿಜಿಸ್ಟರಿನಲ್ಲಿ ನಿರಾಕರಿಸಿದರು ಅಂತ ಬರೆಯದ ಹಾಗೆ ನೋಡಿಕೊಳ್ಳಬೇಕಾಯಿತು. ಕಾರ್ಬೊಪ್ಲಾಟಿನ್ ಕಿವಿಗೆ ತೊಂದರೆ ಕೊಡಬಹುದು ಅಂತ ಕಿವಿ ಪರೀಕ್ಷೆ ಬೇರೆ.

ಮತ್ತೆ, ಇದು ಯಾರ ಕಡೆಯಿಂದ ಬಂತು ಎಂಬ ಪ್ರಶ್ನೆ. ಕಾಸರಗೋಡಿನವರಾದ್ದರಿಂದ ಮೊದಲು ಬಂದ ಮಾತು ಎಂಡೋಸಲ್ಫಾನ್ ಕೀಟನಾಶಕದ್ದು. ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಸುರಿದದ್ದನ್ನು ನೋಡಿದ ತಲೆಮಾರು ನಮ್ಮದು, ಆ ಸಂಶಯ ಬಾರದೆ ಇರುವುದಿಲ್ಲ. ಆದರೆ ಸಿಂಪಡಣೆ ನಿಂತದ್ದು 2000ದಲ್ಲಿ, ಇದು ಆರ್‌ಬಿ1 ಎಂಬ ಒಂದು ಜೀನ್ ಕೆಡುವುದರಿಂದ ಬರುವ ಕಾಯಿಲೆ, ಲೋಕದ ಎಲ್ಲ ಊರಲ್ಲೂ ಇದೆ ಅಂತ ಡಾಕ್ಟರು ಹೇಳಿದರು. ಆಗ ಮಾತು ಮನೆಯೊಳಗೆ ತಿರುಗಿತು. ಜೀನ್ ಅಂದರೆ ಯಾರದ್ದು, ತಾಯಿಯದ್ದೋ ತಂದೆಯದ್ದೋ? ಭಾವನ ಮನೆಯವರು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ತಂಗಿ ಆ ಓಣಂ ರಜೆಯಲ್ಲಿ ಅಲ್ಲಿಗೆ ಹೋಗಲಿಲ್ಲ. ಮೂವರ ರಕ್ತವನ್ನೂ ಪರೀಕ್ಷೆಗೆ ಕೊಟ್ಟೆವು, ದುಬಾರಿ ಪರೀಕ್ಷೆ, ಆದರೂ ಮಾಡಿಸಿದ್ದು ಒಳ್ಳೆಯದಾಯಿತು. ಎರಡೂ ಕಣ್ಣಿಗೆ ಬಂದಿದ್ದರೆ ಜೀನಿನ ದೋಷ ಮಗುವಿನ ಮೈಯಲ್ಲೆಲ್ಲ ಇರುತ್ತದೆ, ಆದರೆ ಹೆಚ್ಚಿನ ಮಕ್ಕಳಲ್ಲಿ ಅದು ಹೊಸದಾಗಿ ಆದದ್ದು. ಪುಟ್ಟಿಯದ್ದೂ ಹಾಗೇ. ತಂಗಿಯಲ್ಲೂ ಇಲ್ಲ, ಭಾವನಲ್ಲೂ ಇಲ್ಲ. ಆ ರಿಪೋರ್ಟಿನ ಒಂದು ಜೆರಾಕ್ಸ್ ತಂಗಿ ಅತ್ತೆ ಮನೆಯ ದೇವರ ಕೋಣೆಯಲ್ಲಿ ಇಟ್ಟು ಬಂದಳು. ಪುಟ್ಟಿಗೆ ಮುಂದೆ ಮಕ್ಕಳಾದರೆ ಅವರಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ, ಹುಟ್ಟಿದ ಕೂಡಲೇ ಕಣ್ಣು ನೋಡಬೇಕು. ಅದನ್ನೂ ಫೈಲಿನಲ್ಲಿ ಹಾಕಿದ್ದೇನೆ, ಅವಳೇ ಓದಿಕೊಳ್ಳಲಿ.

ರೈಲಿನಲ್ಲಿ ಮಗು ಮಲಗಿದ ಮೇಲೆ ಓದುವ ಅಭ್ಯಾಸ ಆಗಿತ್ತು ನನಗೆ. 2020ರಲ್ಲಿ ಜಾಮಾ ಆಂಕಾಲಜಿ ಎಂಬ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ, 153 ದೇಶಗಳ 4351 ಮಕ್ಕಳದ್ದು. ಶ್ರೀಮಂತ ದೇಶದ ಮಕ್ಕಳಲ್ಲಿ ಕಾಯಿಲೆ ಗೊತ್ತಾಗುವುದು ಸಾಮಾನ್ಯವಾಗಿ 14.1 ತಿಂಗಳಲ್ಲಿ, ತೀರಾ ಬಡ ದೇಶಗಳಲ್ಲಿ 30.5 ತಿಂಗಳಲ್ಲಿ. ಬರುವಾಗಲೇ ಕಾಯಿಲೆ ಕಣ್ಣಿನಿಂದ ಹೊರಗೆ ಹೋಗಿದ್ದವರು ಶ್ರೀಮಂತ ದೇಶಗಳಲ್ಲಿ 1.5 ಶೇಕಡಾ, ತೀರಾ ಬಡ ದೇಶಗಳಲ್ಲಿ 49.1. ಅಂದರೆ ಅರ್ಧ ಮಕ್ಕಳು. ಹಾಗೆ ಕಾಯಿಲೆ ಹೊರಗೆ ಹೋದ ಮೇಲೆ ಬಂದ ಒಬ್ಬನನ್ನು ನಾನು ನೋಡಿದ್ದೆ. ಹೈದರಾಬಾದಿನ ಕಾರಿಡಾರಿನಲ್ಲಿ ನಮ್ಮ ಎದುರು ಬೆಂಚಿನಲ್ಲಿ ಕೂರುತ್ತಿದ್ದ, ನಾಲ್ಕು ವರ್ಷ ಇರಬಹುದು, ಕಣ್ಣಿನ ಜಾಗದಲ್ಲಿ ಮುಷ್ಟಿಯಷ್ಟು ಊತ, ಮೇಲೊಂದು ಬಿಳಿ ಕರ್ಚೀಫು. ಅಪ್ಪನ ಕೈಯಲ್ಲಿ ಫೈಲು ಇರಲಿಲ್ಲ, ಮಡಚಿ ಮಡಚಿ ಹರಿದ ಎರಡು ಚೀಟಿ. ಎಲ್ಲಿ ಎಲ್ಲಿ ತೋರಿಸಿದ್ದೀರಿ ಅಂದರೆ ಐದು ಊರಿನ ಹೆಸರು ಹೇಳಿದರು. ಐದು ಕಡೆಯೂ ಮೊದಲಿನಿಂದ ಶುರು. ಆರನೇ ಕೀಮೋ ಹೊತ್ತಿಗೆ ಅವರು ಬೆಂಚಿನಲ್ಲಿ ಇರಲಿಲ್ಲ. ನಾನು ಕೌನ್ಸೆಲರ್ ಹತ್ತಿರ ಕೇಳಲಿಲ್ಲ.

ಕೃತಕ ಕಣ್ಣು ಮಾಡಿದ್ದು ಆಪರೇಷನ್ ಆಗಿ ಆರೇಳು ವಾರದ ಮೇಲೆ. ನಾನು ಗೋಲಿಯ ಹಾಗೆ ಇರುತ್ತದೆ ಅಂದುಕೊಂಡಿದ್ದೆ. ಹಾಗಲ್ಲ, ಚಿಪ್ಪಿನ ಹಾಗೆ ಬಾಗಿದ ತುಂಡು. ಮೊದಲು ಅಚ್ಚು ತೆಗೆದು ಮೇಣದಲ್ಲಿ ಮಾಡಿ ನೋಡಿದರು. ಆಮೇಲೆ ಮಾಡುವವರು ಪುಟ್ಟಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಎಡಗಣ್ಣು ನೋಡಿ ನೋಡಿ ಒಂದು ಚಿಕ್ಕ ಬಿಲ್ಲೆಯ ಮೇಲೆ ಕುಂಚದಲ್ಲಿ ಬಣ್ಣ ಹಾಕಿದರು. ಕಪ್ಪು ಅಲ್ಲ, ಕಂದು, ಅಂಚಿಗೆ ಸ್ವಲ್ಪ ಬೂದು. ಬಿಳಿ ಭಾಗದಲ್ಲಿ ರಕ್ತನಾಳ ಕಾಣಲು ಕೆಂಪು ನೂಲಿನ ಎಳೆ ಬಿಡಿಸಿ, ಅದನ್ನೂ ಸೀಳಿ ಸೀಳಿ ಕೂದಲಿಗಿಂತ ಸಪೂರ ಮಾಡಿ ಅಂಟಿಸಿದರು. ಯಕ್ಷಗಾನದ ಚೌಕಿಯಲ್ಲಿ ಬಣ್ಣದ ವೇಷಕ್ಕೆ ಚುಟ್ಟಿ ಇಡುವವರನ್ನು ಬಿಟ್ಟರೆ ಅಷ್ಟು ತಾಳ್ಮೆ ನಾನು ಬೇರೆ ಎಲ್ಲೂ ನೋಡಿಲ್ಲ.

ಮೂರು ವರ್ಷ ಆದಾಗ ಪುಟ್ಟಿ ಅದನ್ನು ತಾನೇ ತೆಗೆಯಲು ಕಲಿತಳು. ಒಂದು ದಿನ ತೆಗೆದು ಅಂಗಳದಲ್ಲಿ ಒಣ ಹಾಕಿದ್ದ ಅಡಿಕೆಯ ನಡುವೆ ಎಸೆದುಬಿಟ್ಟಳು. ಮನೆಮಂದಿ, ಕೆಲಸದವರು, ನೆರೆಯವರು ಎಲ್ಲ ಸೇರಿ ಮಧ್ಯಾಹ್ನವಿಡೀ ಅಡಿಕೆ ಮಗುಚಿದ್ದೇ ಮಗುಚಿದ್ದು. ಸಿಕ್ಕಿದ್ದು ಅಮ್ಮನಿಗೆ, ಪೊರೆಯ ಆಪರೇಷನ್ ಆದ ಹೊಸ ಕಣ್ಣಿನಲ್ಲಿ. ತೊಳೆದು ಕೈಗೆ ಕೊಡುತ್ತಾ ನನ್ನ ಕಡೆ ನೋಡಿದರು, ಏನೂ ಹೇಳಲಿಲ್ಲ.

ಎಡಗಣ್ಣಿನ ಗಡ್ಡೆಗಳು ಈಗ ಒಣಗಿದ ಕಲೆಗಳ ಹಾಗೆ ಇವೆ. ತಿಂಗಳಿಗೊಮ್ಮೆ ಇದ್ದ ತಪಾಸಣೆ ಮೂರು ತಿಂಗಳಿಗೆ, ಈಗ ಆರು ತಿಂಗಳಿಗೆ ಬಂದಿದೆ. ಒಂದು ಕಣ್ಣು ಮಾತ್ರ ಇರುವುದರಿಂದ ಯಾವಾಗಲೂ ಪೆಟ್ಟಾಗದ ಕನ್ನಡಕ. ಅಂಗನವಾಡಿಗೆ ಹೋಗುತ್ತಾಳೆ, ಮಲಯಾಳದಲ್ಲಿ ಬೈಯುತ್ತಾಳೆ.

ಕಳೆದ ತಿಂಗಳು ಪೈವಳಿಕೆ ಕಡೆಯಿಂದ ಒಬ್ಬರು ಫೋನ್ ಮಾಡಿದರು, ನಂಬರು ಯಾರು ಕೊಟ್ಟರೋ. ಐದು ತಿಂಗಳ ಮಗು, ಫೋಟೋದಲ್ಲಿ ಕಣ್ಣು ಬಿಳಿ. ಕೋಣೆಯ ಲೈಟ್ ಆರಿಸಿ ಫ್ಲ್ಯಾಶ್ ಹಾಕಿ ಇನ್ನೂ ನಾಲ್ಕು ತೆಗೆದು ಕಳಿಸಿ ಅಂದೆ. ನಾಲ್ಕರಲ್ಲೂ ಬಿಳಿ. ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಅವರೊಟ್ಟಿಗೆ ಮಂಗಳೂರಿಗೆ ಹೋದೆ, ಅದೇ ಡಾಕ್ಟರಮ್ಮ, ಅದೇ ಮೂರು ಹನಿ. ಹುಟ್ಟು ಪೊರೆ. ಕ್ಯಾನ್ಸರ್ ಅಲ್ಲ. ಆದರೆ ಅದನ್ನೂ ಬೇಗ ತೆಗೆಯದಿದ್ದರೆ ಕಣ್ಣು ನೋಡುವುದನ್ನೇ ಕಲಿಯುವುದಿಲ್ಲವಂತೆ, ಆಪರೇಷನಿಗೆ ಡೇಟು ಕೊಟ್ಟರು. ಆ ತಾಯಿಗೆ ಎಷ್ಟು ಖುಷಿಯಾಯಿತೆಂದರೆ ರಿಪೋರ್ಟು ಅಲ್ಲೇ ಮೇಜಿನ ಮೇಲೆ ಬಿಟ್ಟು ಹೊರಟಿದ್ದರು, ನಾನು ಎತ್ತಿಕೊಂಡು ಬಂದೆ.

ನಮ್ಮದು ಮುಂದಿನ ವಾರ ಹೈದರಾಬಾದ್. ಕಾಸರಗೋಡು ಸ್ಟೇಷನ್ನಿಗೆ ಹೋಗಿ ಫಾರ್ಮ್ ಕೊಟ್ಟು ಟಿಕೆಟ್ ತೆಗೆದಾಯಿತು. ಪುಟ್ಟಿಗೆ ಈ ಸಲ ಮೇಲಿನ ಬರ್ತೇ ಬೇಕಂತೆ, ತಂಗಿ ಬಿಡುವುದಿಲ್ಲ ಅನ್ನುತ್ತಿದ್ದಾಳೆ, ಜಗಳ ನಡೀತಾ ಇದೆ.